ಅಡಿಕೆ ಚೊಗರು ಬಳಿದ ಬೇಸ್ ಗಿಟಾರ್

ಜನವರಿ 26ರ ಸಂಜೆ ಕೊನೆಯ ಸ್ಕ್ರೂ ಬಿಗಿದು ತಂತಿ ಏರಿಸಿದೆ. 2024ರ ಜೂನ್ 9ರಂದು ಕೊಂಡ ಹಳೆಯ ಬೇಸ್ ಗಿಟಾರ್ ಇದು, ಹಾಡಿನ ಕೆಳಗಿನ ಸ್ವರಗಳನ್ನು ನುಡಿಸುವ ನಾಲ್ಕು ತಂತಿಯ ವಾದ್ಯ. ಎರಡು ತಿಂಗಳಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದ ಕೆಲಸಕ್ಕೆ ಏಳೂವರೆ ತಿಂಗಳು ಹಿಡಿಯಿತು. ಮಳೆಗಾಲದಲ್ಲಿ ಬಣ್ಣಕ್ಕೆ ಕೈಹಾಕಿದ್ದೇ ಅದಕ್ಕೆ ಕಾರಣ. ನಮ್ಮ ಕಡೆ ಇಂಥ ವಾದ್ಯವನ್ನು ಅಟ್ಟದ ಮೇಲೆ ಮರೆತವರು ಅನೇಕರಿದ್ದಾರೆ. ಅದನ್ನು ಇಳಿಸಿ ಸರಿಮಾಡಲು ಹೊರಟವರಿಗೆ ಬೇಕಾಗಬಹುದೆಂದು ನನ್ನ ನೋಟ್ ಪುಸ್ತಕದಲ್ಲಿದ್ದುದನ್ನು ದಿನಾಂಕದ ಪ್ರಕಾರ ಇಲ್ಲಿ ಇಳಿಸುತ್ತಿದ್ದೇನೆ.

ಜೂನ್ 9: ಭದ್ರಾವತಿಯಲ್ಲಿ ಕೊಂಡದ್ದು

ಮಾರಿದವರು ರಸಮಂಜರಿ ತಂಡವೊಂದರಲ್ಲಿ ನುಡಿಸುತ್ತಿದ್ದವರು. 2019ರಲ್ಲಿ ಹೊಸದಾಗಿ ಕೊಂಡಿದ್ದರಂತೆ. ಮರುವರ್ಷ ಕೊರೊನಾ ಬಂದು ಕಾರ್ಯಕ್ರಮಗಳು ನಿಂತವು. ಮತ್ತೆ ಶುರುವಾಗುವ ಹೊತ್ತಿಗೆ ಕೀಬೋರ್ಡಿನವರೇ ಎಡಗೈಯಲ್ಲಿ ಬೇಸ್ ಹಿಡಿಯುವ ಪದ್ಧತಿ ಬಂದಿತ್ತು. ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ವಾದ್ಯ ಅಟ್ಟ ಸೇರಿತು, ಅಲ್ಲೇ ನಾಲ್ಕು ಮಳೆಗಾಲ ಕಳೆಯಿತು. ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ತಂತಿಗಳು ಕೆಂಪಗೆ ತುಕ್ಕು ಹಿಡಿದಿದ್ದವು. ಬಿಳಿ ಬಣ್ಣ ಹಳದಿಗೆ ತಿರುಗಿ, ಕೆಳಗಿನ ಅಂಚಿನಲ್ಲಿ ಪಿಂಗಾಣಿ ತಟ್ಟೆ ಒಡೆದಂತೆ ಚಕ್ಕೆ ಎದ್ದಿತ್ತು.

ಹೊರನೋಟಕ್ಕೆ ಹೆದರಬೇಕಾಗಿಲ್ಲ. ನೋಡಬೇಕಾದದ್ದು ನೆಕ್ಕನ್ನು, ಎಂದರೆ ಬೆರಳೊತ್ತಿ ನುಡಿಸುವ ಉದ್ದನೆಯ ಕತ್ತನ್ನು. ಬಾಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದೆ. ಮುಂದಕ್ಕೆ ಬಾಗಿತ್ತು, ಆದರೆ ತಿರುಚಿಕೊಂಡಿರಲಿಲ್ಲ. ಬಾಗಿದ್ದನ್ನು ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳು ಸರಿಪಡಿಸುತ್ತದೆ, ತಿರುಚಿದ್ದನ್ನು ಮನೆಯಲ್ಲಿ ಸರಿಪಡಿಸಲಾಗದು. ಜೊತೆಗೆ ಒಯ್ದಿದ್ದ 4 ಮಿ.ಮೀ. ಅಲೆನ್ ಕೀ ಹಾಕಿ ರಾಡನ್ನು ಎರಡೂ ಕಡೆಗೆ ಸ್ವಲ್ಪ ತಿರುಗಿಸಿದೆ, ತಿರುಗಿತು. ಜ್ಯಾಕಿಗೆ ಮಲ್ಟಿಮೀಟರ್ ಹಿಡಿದಾಗ 10.2 ಕಿಲೋ ಓಮ್ ತೋರಿಸಿತು, ಎಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಜೀವಂತವಾಗಿದೆ. ನಟ್‌ನಿಂದ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) 12ನೆಯ ಫ್ರೆಟ್‌ವರೆಗೆ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) 432 ಮಿ.ಮೀ., ಪೂರ್ತಿ ತಂತಿಯ ಉದ್ದ ಅದರ ಎರಡರಷ್ಟು, 34 ಇಂಚು. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ನ ಅಳತೆಯೂ ಇದೇ ಆದ್ದರಿಂದ ತಂತಿಗೂ ಬಿಡಿಭಾಗಕ್ಕೂ ಅಲೆಯಬೇಕಾಗುವುದಿಲ್ಲ.

ಅವರು 8,000 ಹೇಳಿದರು, 6,500ಕ್ಕೆ ಒಪ್ಪಿದರು. ಶ್ರುತಿ ಮಾಡುವ ನಾಲ್ಕು ಕೀಲಿಗಳನ್ನೂ ತಿರುಗಿಸಿ ನೋಡುವುದನ್ನು ಮಾತ್ರ ಮರೆತೆ. ಅದರ ಫಲ ಕೊನೆಯಲ್ಲಿ ಹೇಳುತ್ತೇನೆ.

ಜೂನ್ 16: ಬಿಚ್ಚಿದ್ದು

ಒಂದೊಂದು ಭಾಗ ಕಳಚುವ ಮೊದಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಸ್ಕ್ರೂಗಳನ್ನು ಅಮ್ಮನ ವಾರದ ಮಾತ್ರೆ ಡಬ್ಬಿಯ ಏಳು ಗೂಡುಗಳಲ್ಲಿ ಹಂಚಿಟ್ಟೆ. ನೆಕ್ಕನ್ನು ಹಿಡಿದ ನಾಲ್ಕು ಸ್ಕ್ರೂಗಳಲ್ಲಿ ಒಂದು ತುಕ್ಕಿನಿಂದ ಕಚ್ಚಿಕೊಂಡಿತ್ತು. ಬಲ ಹಾಕಿದ್ದಕ್ಕೆ ತಲೆಯ ಮೇಲಿನ ತೋಡು ಸವೆಯತೊಡಗಿತು. ಆಗ ನಿಲ್ಲಿಸಿ, ಕಾದ ಬೆಸುಗೆ ಕಡ್ಡಿಯನ್ನು ಸ್ಕ್ರೂ ತಲೆಯ ಮೇಲೆ ಎರಡು ನಿಮಿಷ ಒತ್ತಿ ಹಿಡಿದೆ. ಬಿಸಿ ಮರದೊಳಗೆ ಇಳಿದು ಹಿಡಿತ ಸಡಿಲವಾಯಿತು, ಮುಂದಿನ ತಿರುವಿಗೆ ಬಂತು.

ನೆಕ್ಕಿನ ಮೇಲಿದ್ದ ಸಂಖ್ಯೆಯಿಂದ ತಯಾರಕರ ಪಟ್ಟಿ ಹುಡುಕಿ ನೋಡಿದೆ. ಫ್ರೆಟ್‌ಗಳು ಕೂರುವ ಹಲಗೆ, ಫ್ರೆಟ್ ಬೋರ್ಡ್, ಯಾವ ಮರದ್ದು ಎಂಬಲ್ಲಿ ‘ಇಂಡಿಯನ್ ಲಾರೆಲ್’ ಎಂದಿತ್ತು. ಅದು ನಮ್ಮ ಮತ್ತಿ. ಮೊಸಳೆಯ ಬೆನ್ನಿನಂಥ ತೊಗಟೆಯ ಅದೇ ಮತ್ತಿ ಮರ, ನಮ್ಮ ಊರಮನೆಯ ತೊಲೆ ಮರ. 2017ರ ಜನವರಿಯಿಂದ ಬೀಟೆ ಮತ್ತು ಅದರ ಕುಲದ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿಯ ಕಟ್ಟುಪಾಡು ಬಂತು. ಆಗ ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಬೀಟೆಯ ಜಾಗಕ್ಕೆ ಮತ್ತಿ ಬಂದು ಕೂತಿತು. ಇದು ತಿಳಿದ ಮೇಲೆ ಆ ನೆಕ್ಕನ್ನು ಹಿಡಿಯುವ ನನ್ನ ಕೈಯೇ ಬೇರೆಯಾಯಿತು.

ಜೂನ್ 23ರಿಂದ ಜುಲೈ 14: ಹಳೆಯ ಬಣ್ಣ ತೆಗೆದದ್ದು

ಮೊದಲು 260 ರೂಪಾಯಿಯ ಪೇಂಟ್ ರಿಮೂವರ್ ಬಳಿದು ಇಪ್ಪತ್ತು ನಿಮಿಷ ಕಾದೆ. ಏನೂ ಆಗಲಿಲ್ಲ. ಎರಡನೆಯ ಸಲ ದಪ್ಪಗೆ ಬಳಿದು ಪ್ಲಾಸ್ಟಿಕ್ ಹೊದಿಸಿದೆ. ಬಣ್ಣ ಕದಲಲಿಲ್ಲ, ನನ್ನ ಬೆರಳು ಮಾತ್ರ ಉರಿಯಿತು. ಈ ಅಗ್ಗದ ವಾದ್ಯಗಳ ಮೇಲಿರುವುದು ಹೆಚ್ಚಾಗಿ ಪಾಲಿಯೆಸ್ಟರ್ ಲೇಪ, ಅದು ಥಿನ್ನರಿಗೂ ಕರಗುವುದಿಲ್ಲ. ಎದ್ದ ಚಕ್ಕೆಯನ್ನು ಅಳೆದರೆ ಸುಮಾರು ಒಂದು ಮಿಲಿಮೀಟರ್ ದಪ್ಪವಿತ್ತು.

ಕೊನೆಗೆ 1,350 ಕೊಟ್ಟು ಹೀಟ್ ಗನ್ ತಂದೆ. ಮೂರು ಬೆರಳಗಲ ಜಾಗವನ್ನು ಕಾಯಿಸುವುದು, ಮೇಲ್ಮೈ ಮೆತ್ತಗಾಗಿ ಸ್ವಲ್ಪ ಉಬ್ಬಿದ ಕೂಡಲೇ ಪುಟ್ಟಿ ಬ್ಲೇಡನ್ನು ಅಡ್ಡಲಾಗಿ ತೂರಿಸಿ ತಳ್ಳುವುದು. ಬೇಸಿಗೆಯಲ್ಲಿ ಕೆರೆಯ ತಳದ ಕೆಸರು ಒಣಗಿ ಹೆಪ್ಪಳಿಕೆ ಏಳುವಂತೆ ಅಂಗೈಯಗಲದ ತುಂಡುಗಳು ಎದ್ದು ಬಂದವು. ಮಾಸ್ಕ್ ಹಾಕಿ, ಮಹಡಿಯ ಮೇಲೆ ಕಿಟಕಿ ತೆರೆದಿಟ್ಟೇ ಮಾಡಿದೆ. ಆ ಹೊಗೆ ಮನೆಯೊಳಗೆ ತುಂಬಬಾರದು.

ಇಲ್ಲಿ ಎರಡು ತಪ್ಪಾದವು. ಮೇಲಿನ ಕೊಂಬಿನ ಹತ್ತಿರ ಗನ್ನನ್ನು ಹೆಚ್ಚು ಹೊತ್ತು ಹಿಡಿದು ಐದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮರ ಕರಕಾಯಿತು. ಬೆನ್ನಿನ ಕಡೆ ಬ್ಲೇಡಿನ ಮೂಲೆ ಕಚ್ಚಿ ಎರಡು ಮಿಲಿಮೀಟರ್ ಆಳದ ಗಾಯವಾಯಿತು. ಬಿದ್ದು ತಗ್ಗಾದ ಜಾಗಗಳು ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಇಟ್ಟರೆ ಮೇಲೇಳುತ್ತವೆ, ಮೂರು ತಗ್ಗುಗಳು ಹಾಗೆ ಎದ್ದವು. ಕೊಯ್ದ ಗಾಯ ಏಳುವುದಿಲ್ಲ. ಅದನ್ನು ಅದೇ ಮರದ ಹುಡಿಗೆ ಅಂಟು ಕಲಸಿ ತುಂಬಿದೆ. ಹೊಸ ಬ್ಲೇಡು ಬಳಸುವ ಮುಂಚೆ ಮೂಲೆಗಳನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿಕೊಳ್ಳಬೇಕು, ಐದು ನಿಮಿಷದ ಕೆಲಸ.

ಒಳಗಿನ ಮರ ಪಾಪ್ಲರ್, ತೆಳು ಹಸಿರು ಗೆರೆಗಳ ಮೂರು ತುಂಡುಗಳನ್ನು ಅಂಟಿಸಿದ್ದು. ಉಪ್ಪುಕಾಗದವನ್ನು ಒರಟಿನಿಂದ ನಯಕ್ಕೆ 80, 120, 180, 240 ಹೀಗೆ ಕ್ರಮವಾಗಿ ಉಜ್ಜಿದೆ.

ಜುಲೈ 21: ಮಾಡಬಾರದಿದ್ದದ್ದು

ಸೆಪ್ಟೆಂಬರ್ 7ರಂದು ಗಣೇಶ ಚತುರ್ಥಿ. ನಮ್ಮ ಬೀದಿಯ ಪೆಂಡಾಲಿನ ಕಾರ್ಯಕ್ರಮದಲ್ಲಿ ಈ ಬೇಸನ್ನು ನುಡಿಸಬೇಕೆಂದು ನಿಶ್ಚಯಿಸಿದ್ದೆ. ಹೊರಗೆ ಒಂದೇ ಸಮನೆ ಮಳೆ. ಮೊಬೈಲಿನ ಹವಾಮಾನ ಪುಟ ಗಾಳಿಯ ತೇವಾಂಶ ಶೇ. 94 ಎನ್ನುತ್ತಿತ್ತು. ಕೋಣೆಯೊಳಗೆ ಸಿಂಪಡಿಸಿದರೆ ಮಳೆ ಏನು ಮಾಡುತ್ತದೆ ಎಂದುಕೊಂಡು, 340 ರೂಪಾಯಿಯಂತೆ ಮೂರು ಡಬ್ಬಿ ಕಪ್ಪು ಲ್ಯಾಕರ್ ಸ್ಪ್ರೇ ತಂದು ಶುರುಮಾಡಿದೆ.

ಮೊದಲ ಕೋಟು ಬಿದ್ದಾಗ ಕಪ್ಪಗೆ ಮಿರಮಿರ ಮಿಂಚಿತು. ಹತ್ತು ನಿಮಿಷದಲ್ಲಿ ಆ ಕಪ್ಪಿನ ಮೇಲೆ ಬಿಳಿ ಪೊರೆ ಮೂಡಿತು, ಆಗುಂಬೆ ಘಾಟಿಯ ಮಂಜು ಕಾರಿನ ಗಾಜಿಗೆ ಹತ್ತುವಂತೆ. ಬೆರಳಲ್ಲಿ ಒರೆಸಿದರೆ ಹೋಗುವಂಥದ್ದಲ್ಲ, ಬಣ್ಣದ ಒಳಗೇ ಇತ್ತು. ಥಿನ್ನರ್ ವೇಗವಾಗಿ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಬಣ್ಣ ಆ ನೀರನ್ನು ಒಳಗಿಟ್ಟುಕೊಂಡೇ ಗಟ್ಟಿಯಾಗುತ್ತದೆ. ಕೋಣೆಯ ಒಳಗಿದ್ದದ್ದೂ ಅದೇ ಮಳೆಗಾಲದ ಗಾಳಿ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಮುಚ್ಚಿಹೋಗುತ್ತದೆಂದು ಎರಡನೆಯ ಕೋಟು ಹೊಡೆದೆ, ಮರುದಿನ ಮೂರನೆಯದು. ಹೇರ್ ಡ್ರೈಯರ್ ಹಿಡಿದೆ, ಅಲ್ಲಲ್ಲಿ ಹೋಳಿಗೆಯ ಹಾಗೆ ಗುಳ್ಳೆ ಎದ್ದವು. ಹತ್ತು ದಿನ ಬಿಟ್ಟು ಉಗುರು ಒತ್ತಿದರೆ ಉಗುರಿನ ಗುರುತು ಉಳಿಯಿತು. ಹದಿನೈದನೆಯ ದಿನ ಕೆಳಗಿನ ಅಂಚಿನ ಬಣ್ಣ ಸುಕ್ಕುಗಟ್ಟಿತು.

ಆಗಸ್ಟ್ 18ರಂದು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಎಲ್ಲವನ್ನೂ ಒರೆಸಿ ತೆಗೆದೆ. ಕಪ್ಪು ಮರದ ರಂಧ್ರಗಳಿಗೆ ಇಳಿದಿತ್ತು. ಮತ್ತೆ 120ರಿಂದ ಉಜ್ಜಲು ಎರಡು ಭಾನುವಾರ ಬೇಕಾದವು. ಗಣೇಶನ ಮುಂದೆ ತಂಡ ಬೇಸ್ ಇಲ್ಲದೆ ನುಡಿಸಿತು, ನಾನು ಕೆಳಗೆ ಕುರ್ಚಿಯಲ್ಲಿ ಕುಳಿತು ಕೇಳಿದೆ. ಕೆಳಗಿನ ಸ್ವರವಿಲ್ಲದ ಹಾಡು ಅಡಿಪಾಯವಿಲ್ಲದ ಗೋಡೆಯಂತೆ ಕೇಳಿಸುತ್ತಿತ್ತು. ಆ ರಾತ್ರಿ ನಿಜವಾಗಿ ಸಂಕಟವಾಯಿತು.

ಬಾಡಿಯನ್ನು ಹಗ್ಗದಲ್ಲಿ ಕಟ್ಟಿ, ಅಡುಗೆಮನೆಯ ಒಲೆಯಿಂದ ದೂರ, ಸೂರಿನ ಹತ್ತಿರ ತೂಗುಹಾಕಿದೆ. ಮಳೆ ಪೂರ್ತಿ ಹಿಂದೆ ಸರಿಯುವವರೆಗೆ ಮುಟ್ಟಲಿಲ್ಲ.

ಅಕ್ಟೋಬರ್: ನೆಕ್ ಮತ್ತು ವೈರಿಂಗ್

ಫ್ರೆಟ್‌ಗಳು ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹದವು. ಅವು ತುಕ್ಕು ಹಿಡಿಯುವುದಿಲ್ಲ, ಹಸಿರು ಕಿಲುಬು ಹಿಡಿಯುತ್ತವೆ. ಮರದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಾಲ್ಕು ಸೊನ್ನೆಯ ನಯವಾದ ಉಕ್ಕಿನ ನಾರಿನಿಂದ ಇಪ್ಪತ್ತನ್ನೂ ಉಜ್ಜಿದೆ. ಈ ಕೆಲಸವನ್ನು ಪಿಕಪ್ಪಿನ ಹತ್ತಿರ ಮಾಡಬೇಡಿ. ಉದುರಿದ ಉಕ್ಕಿನ ಪುಡಿಯನ್ನು ಅದರ ಅಯಸ್ಕಾಂತ ಎಳೆದುಕೊಂಡರೆ ಮತ್ತೆ ಬಿಡುವುದಿಲ್ಲ.

ಮೂರು ಫ್ರೆಟ್‌ಗಳ ಮೇಲೆ ಕೂರುವಂಥ ಸಣ್ಣ ಉಕ್ಕಿನ ಪಟ್ಟಿಯನ್ನು ಒಂದೊಂದೇ ಸರಿಸುತ್ತ ಹೋದರೆ 14ನೆಯದರ ಮೇಲೆ ಟಕಟಕ ಆಡಿತು. ಆ ಫ್ರೆಟ್‌ನ ತುದಿ ಮರದಿಂದ ಎದ್ದಿತ್ತು. ಕೆಳಗೆ ಒಂದು ತೊಟ್ಟು ಫೆವಿಕ್ವಿಕ್ ಬಿಟ್ಟು ಕ್ಲಾಂಪ್ ಹಾಕಿ ಒತ್ತಿದೆ. ಫ್ರೆಟ್ ಕೂತಿತು, ಆದರೆ ಹೆಚ್ಚಾದ ಅಂಟು ಹರಿದು ಮತ್ತಿಯ ಮೇಲೆ ಬೆಳ್ಳನೆಯ ಕಲೆಯಾಯಿತು. ಬ್ಲೇಡಿನಿಂದ ಕೆರೆದು ತೆಗೆಯಲು ಒಂದು ಗಂಟೆ. ಅಂಟು ಬಿಡುವ ಮೊದಲು ಅಕ್ಕಪಕ್ಕದ ಮರಕ್ಕೆ ಮೇಣದ ಬತ್ತಿ ತಿಕ್ಕಿದ್ದರೆ ಕಲೆ ಹಿಡಿಯುತ್ತಿರಲಿಲ್ಲ. ಕೊನೆಗೆ ಅಗಸೆ ಎಣ್ಣೆ ಸವರಿ ಒರೆಸಿದೆ. ಒಣಕಲು ಬೂದು ಬಣ್ಣದ ಮರ ನೋಡುನೋಡುತ್ತಿದ್ದಂತೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಬಂತು, ಅದರ ಕಪ್ಪು ಎಳೆಗಳು ಎದ್ದು ಕಂಡವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ತಾನಾಗಿ ಕಾದು ಬೆಂಕಿ ಹತ್ತಬಹುದು. ಹರವಿ ಒಣಗಿಸಿ.

ವೈರಿಂಗಿನಲ್ಲಿ ಹೆಚ್ಚಿನದೇನಿಲ್ಲ. ವಾಲ್ಯೂಮ್ ಮತ್ತು ಟೋನ್‌ಗೆ ಎರಡು 250 ಕಿಲೋ ಓಮ್ ಪಾಟ್ (ತಿರುಗಿಸುವ ನಿಯಂತ್ರಕ), 473 ಎಂದು ಬರೆದಿರುವ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಹೊಸ ಜ್ಯಾಕ್. 25 ವ್ಯಾಟಿನ ಬೆಸುಗೆ ಕಡ್ಡಿ ಸಾಕಾಯಿತು.

ಡಿಸೆಂಬರ್ 1: ಚೊಗರು

ಸಾಗರದಾಚೆ ಸೋದರಮಾವನ ಮನೆಗೆ ಕೊನೆಕೊಯ್ಲಿನ ಸಮಯದಲ್ಲಿ ಹೋಗಿದ್ದೆ. ಜಗುಲಿಯ ತುಂಬ ಹಸಿ ಅಡಿಕೆ, ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವವರ ಸಾಲು. ಅವರ ಕೈ ನೋಡಿದೆ. ಹೆಬ್ಬೆರಳು, ತೋರುಬೆರಳು, ಉಗುರಿನ ಸಂದು ಎಲ್ಲ ಕಪ್ಪು. ಅಡಿಕೆಯ ರಸ ಕೆಂಪು, ಆದರೆ ಕಬ್ಬಿಣದ ಕತ್ತಿ ತಾಗಿದಲ್ಲಿ ಅದು ಕಪ್ಪಾಗುತ್ತದೆ, ಸಾಬೂನಿಗೂ ಹೋಗುವುದಿಲ್ಲ. ಚಿಕ್ಕಂದಿನಿಂದ ನೋಡಿದ್ದು, ಅಂದು ಮಾತ್ರ ಅದರಲ್ಲಿ ನನ್ನ ಗಿಟಾರಿನ ಬಣ್ಣ ಕಂಡಿತು. ಹೆಗ್ಗೋಡಿನ ಕೈಮಗ್ಗದ ಚರಕ ಸಂಸ್ಥೆಯವರು ಚೊಗರಿನಲ್ಲಿ, ಎಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸದಲ್ಲಿ, ಬಟ್ಟೆಗೆ ಬಣ್ಣ ಹಾಕುವುದು ಗೊತ್ತಿತ್ತು. ಬಟ್ಟೆಗೆ ಹಿಡಿಯುವುದು ಮರಕ್ಕೆ ಹಿಡಿಯದೇ?

“ಮಾವ, ಒಂದು ಬಾಟಲಿ ಚೊಗರು ಕೊಡುತ್ತೀರಾ?” ಎಂದೆ. ಏನಕ್ಕೆ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, “ತೆಳುವಾದದ್ದು ಬೇಡ, ನಾಲ್ಕು ಬೇಯಿಸಿದ್ದು ಕೊಡುತ್ತೇನೆ” ಎಂದು ಹಂಡೆಯಿಂದಲೇ ಅರ್ಧ ಲೀಟರ್ ತುಂಬಿಕೊಟ್ಟರು. ಬೆಲ್ಲದ ಪಾಕದಷ್ಟು ಮಂದ, ಒಗರು ವಾಸನೆ.

ಮನೆಗೆ ಬಂದು ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಹಳೆಯ ಮೊಳೆಗಳನ್ನು ವಿನೆಗರಿನಲ್ಲಿ ಹಾಕಿ ಒಂದು ವಾರ ಇಟ್ಟೆ. ಮುಚ್ಚಳ ಬಿಗಿಯಬಾರದು, ಒಳಗೆ ಅನಿಲ ಏಳುತ್ತದೆ.

ಡಿಸೆಂಬರ್ 8: ಪ್ರಯೋಗ. ಬಾಡಿಯ ಮುಂಬದಿಯ ಫಲಕ, ಪಿಕ್‌ಗಾರ್ಡ್, ಮುಚ್ಚುವ ಜಾಗ ಹೇಗೂ ಕಾಣುವುದಿಲ್ಲ, ಅಲ್ಲೇ ನಾಲ್ಕು ಚೌಕ ಮಾಡಿಕೊಂಡೆ. ಬರೀ ಮೊಳೆನೀರು ಹಾಕಿದ ಚೌಕ ಮಾಸಲು ಬೂದಿಯಾಯಿತು. ಮೊದಲು ಮೊಳೆನೀರು ಆಮೇಲೆ ಚೊಗರು ಹಾಕಿದ್ದು ಮಚ್ಚೆಮಚ್ಚೆಯಾಯಿತು. ಬರೀ ಚೊಗರಿನದು ಕೆಂಪಡಿಕೆಯದೇ ಬಣ್ಣ. ಎರಡು ಸಲ ಚೊಗರು, ಪೂರ್ತಿ ಒಣಗಿದ ಮೇಲೆ ಮೊಳೆನೀರು ಹಾಕಿದ ನಾಲ್ಕನೆಯ ಚೌಕ ಒಂದು ನಿಮಿಷದಲ್ಲಿ ಕಾಡಿಗೆಯಷ್ಟು ಕಪ್ಪಾಯಿತು. ನನ್ನ ಕಣ್ಣೆದುರೇ ಕೆಂಪು ಮುಳುಗಿ ಕಪ್ಪು ಎದ್ದು ಬಂದ ಆ ಒಂದು ನಿಮಿಷವನ್ನು ಮರೆಯಲಾರೆ. ನಡುವೆ ಅಡಿಕೆ ಕೆಂಪು, ಅಂಚಿಗೆ ಕಪ್ಪು ಎಂದು ಅಲ್ಲೇ ತೀರ್ಮಾನಿಸಿದೆ. ಕೊಂಬಿನ ಕರಕು ಕಲೆಯೂ ಕಪ್ಪಿನೊಳಗೆ ಅಡಗುತ್ತದೆ.

ಡಿಸೆಂಬರ್ 15: ನೀರಿನ ಬಣ್ಣ ತಾಗಿದರೆ ಮರದ ನಾರು ಏಳುತ್ತದೆ. ಆದ್ದರಿಂದ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, 240ರಲ್ಲಿ ಉಜ್ಜಿ, ಇದನ್ನೇ ಎರಡು ಸಲ ಮಾಡಿದೆ. ಚೊಗರಿಗೆ ಅಷ್ಟೇ ಬಿಸಿನೀರು ಬೆರೆಸಿ ಪಂಚೆಯ ಬಟ್ಟೆಯಲ್ಲಿ ಸೋಸಿ ಬಳಿದೆ. ಬಣ್ಣ ಇಳಿದ ಮೇಲೆ ಬೆನ್ನಿನಲ್ಲಿ ಸುರುಳಿ ಸುರುಳಿ ಗೀರುಗಳು ಎದ್ದು ಕಂಡವು. ಜುಲೈನಲ್ಲಿ 80ರ ಕಾಗದವನ್ನು ಎಳೆಗೆ ಅಡ್ಡವಾಗಿ ತಿಕ್ಕಿದ್ದರ ಗುರುತು! ಬರಿಮರದಲ್ಲಿ ಕಣ್ಣಿಗೆ ಬೀಳದ ಗೀರು ಬಣ್ಣದಲ್ಲಿ ಬಿದ್ದೇ ಬೀಳುತ್ತದೆ. ಬೆನ್ನನ್ನು ಪೂರ್ತಿ ಉಜ್ಜಿ ಮತ್ತೆ ಬಳಿದೆ.

ಡಿಸೆಂಬರ್ 21: ಅಂಚಿಗೆ ಮೊಳೆನೀರು. ಒಳಕ್ಕೆ ಬರುತ್ತ ನಾಲ್ಕು ಪಾಲು ನೀರು ಬೆರೆಸಿ ತೆಳು ಮಾಡಿದ್ದನ್ನು ಬಟ್ಟೆಯಲ್ಲಿ ಒತ್ತಿ ಒತ್ತಿ ಕೂಡಿಸಿದೆ. ಮೇಲಿನ ಅರ್ಧದಲ್ಲಿ ಕಪ್ಪು ಕೆಂಪಿಗೆ ಹೊಗೆಯ ಹಾಗೆ ಕರಗಿದೆ. ಕೆಳಗಿನ ಅರ್ಧಕ್ಕೆ ಬರುವಾಗ ಬಟ್ಟೆ ತೀರಾ ಒದ್ದೆಯಾಗಿ ಗಡಿ ಹರಿದುಹೋಗಿದೆ. ಅದನ್ನು ತಿದ್ದಲು ಹೋಗಿ ಇನ್ನೂ ಕೆಡಿಸುವ ಬದಲು ಹಾಗೇ ಬಿಟ್ಟೆ.

ಡಿಸೆಂಬರ್ 24ರಿಂದ: ಮೇಲಿನ ಲೇಪ

ಸ್ಯಾಂಡಿಂಗ್ ಸೀಲರ್ ಎರಡು ಕೋಟು, ನಡುವೆ 320ರಲ್ಲಿ ಹಗುರವಾಗಿ ಉಜ್ಜಿದ್ದು. ಆಮೇಲೆ 27, 28, 29ರಂದು ದಿನಕ್ಕೆ ಎರಡರಂತೆ ಆರು ಕೋಟು ಬಣ್ಣವಿಲ್ಲದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಸಮಪಾಲು ಥಿನ್ನರ್ ಬೆರೆಸಿ ಎರಡಂಗುಲದ ಬ್ರಶ್‌ನಲ್ಲಿ. ಬೆಳಗಿನ ಮಂಜು ಪೂರ್ತಿ ಕರಗಿದ ಮೇಲೆ, ಹನ್ನೊಂದರಿಂದ ಮೂರು ಗಂಟೆಯೊಳಗೆ ಮಾತ್ರ. ಜುಲೈಯಲ್ಲಿ ನನ್ನನ್ನು ಸೋಲಿಸಿದ ಬಿಳಿ ಪೊರೆ ಒಂದು ಸಲವೂ ಬರಲಿಲ್ಲ. ಮೂರು ವಾರ ಮುಟ್ಟದೆ ಬಿಟ್ಟೆ.

ಜನವರಿ 19ರಂದು 1000, 1500, 2000ದ ಕಾಗದವನ್ನು ಸಾಬೂನು ನೀರಿನಲ್ಲಿ ಅದ್ದಿ ಉಜ್ಜಿದೆ, ಪರಿಚಯದ ಗ್ಯಾರೇಜಿನವರು ಕೊಟ್ಟ ರಬ್ಬಿಂಗ್ ಕಾಂಪೌಂಡಿನಿಂದ ಮುಗಿಸಿದೆ. ಕೆಳಗಿನ ಅಂಚಿನಲ್ಲಿ ಕೈ ಹೆಚ್ಚಾಗಿ ಲೇಪ ಹರಿದು ಎರಡು ಸೆಂಟಿಮೀಟರ್ ಉದ್ದಕ್ಕೆ ಬಿಳಿ ಮರ ಇಣುಕಿತು. ಸಣ್ಣ ಕುಂಚದಲ್ಲಿ ಚೊಗರು, ಮೊಳೆನೀರು, ಲ್ಯಾಕರ್ ಮತ್ತೆ ಹಾಕಿದೆ. ಹುಡುಕಿದರೆ ಈಗಲೂ ಕಾಣುತ್ತದೆ. ಅಂಚುಗಳ ಮೇಲೆ 1000ದ ಕಾಗದ ಬೇಡ, 2000 ಸಾಕು.

ಜನವರಿ 26: ಜೋಡಣೆ

ಎಲ್ಲ ಕೂಡಿಸಿ ಆಂಪ್ಲಿಫೈಯರಿಗೆ ಹಾಕಿದರೆ ಗುಂಯ್ ಎಂಬ ಒಂದೇ ಸದ್ದು. ತಂತಿ ಮುಟ್ಟಿದರೂ ನಿಲ್ಲಲಿಲ್ಲ. ತಂತಿಗಳ ಬುಡ ಹಿಡಿಯುವ ಬ್ರಿಡ್ಜಿನ ಅಡಿಗೆ ಬರುವ ಅರ್ಥ್ ವೈರಿನ ಬರಿತುದಿಗೆ ಟೇಪ್ ಸುತ್ತದೆ ಲ್ಯಾಕರ್ ಬಳಿದಿದ್ದೆ. ಲೇಪ ಕೆರೆದು ಲೋಹಕ್ಕೆ ಲೋಹ ತಾಗಿಸಿದ ಮೇಲೆ ಮೌನ.

ಕೊಂಡಾಗ ನೆಕ್ಕಿನ ಬಾಗು 7ನೆಯ ಫ್ರೆಟ್ ಬಳಿ 0.9 ಮಿ.ಮೀ. ಇತ್ತು. ಹೊಸ ತಂತಿ ಏರಿಸಿ, ಕಾಲು ಸುತ್ತಿನಂತೆ ಬಿಗಿದು, ಪ್ರತಿ ಸಲ ಒಂದು ದಿನ ಬಿಟ್ಟು ಅಳೆದು, ಮುಂದಿನ ಮೂರು ದಿನಗಳಲ್ಲಿ 0.35ಕ್ಕೆ ತಂದೆ. 17ನೆಯ ಫ್ರೆಟ್ ಮೇಲೆ ದಪ್ಪ ತಂತಿಯ ಎತ್ತರ 2.4, ತೆಳು ತಂತಿಯದು 2 ಮಿ.ಮೀ. 12ನೆಯ ಫ್ರೆಟ್ ಒತ್ತಿದ ಸ್ವರ ಹಾರ್ಮೋನಿಕ್‌ಗಿಂತ (ಅಲ್ಲೇ ಒತ್ತದೆ ಬೆರಳು ತಾಗಿಸಿ ಮೀಟಿದ ಸ್ವರ) ಏರುತ್ತಿದ್ದುದರಿಂದ ದಪ್ಪ ತಂತಿಯ ಸ್ಯಾಡಲನ್ನು (ಬ್ರಿಡ್ಜಿನ ಮೇಲೆ ತಂತಿ ಕೂರುವ ತುಂಡು) ಮೂರು ಮಿಲಿಮೀಟರ್ ಹಿಂದಕ್ಕೆ ಸರಿಸಿದೆ. ಆಮೇಲೆ ಆ ತಂತಿಯನ್ನು ಬಿಡುವಾಗಿ ಮೀಟಿದರೆ ಎದೆಗೂಡಿಗೆ ತಾಗಿದ ಬಾಡಿ ನಡುಗಿತು, ಒಳಕೋಣೆಯ ಕಪಾಟಿನ ಸ್ಟೀಲ್ ಲೋಟಗಳು ಝಣ ಎಂದವು. ಅಮ್ಮ ಅಡುಗೆಮನೆಯಿಂದ ಬಂದು ನಿಂತು, ಇನ್ನೊಂದು ಸಲ ನುಡಿಸು ಎಂದರು.

ಖರ್ಚು: ವಾದ್ಯ 6,500. ಹಳೆ ಬಣ್ಣ ತೆಗೆಯಲು ರಿಮೂವರ್, ಗನ್, ಬ್ಲೇಡ್, ಉಪ್ಪುಕಾಗದ ಸೇರಿ 1,950. ಕಪ್ಪು ಸ್ಪ್ರೇ 1,020. ವಿನೆಗರ್, ಸೀಲರ್, ಲ್ಯಾಕರ್, ಥಿನ್ನರ್ 990. ವಿದ್ಯುತ್ ಭಾಗಗಳು 400. ತಂತಿ 1,750. ಎಣ್ಣೆ ಮತ್ತು ಸ್ಕ್ರೂ 130. ಒಟ್ಟು 12,740 ರೂಪಾಯಿ. ಅದರಲ್ಲಿ ರಿಮೂವರ್ ಮತ್ತು ಸ್ಪ್ರೇಗೆ ಕೊಟ್ಟ 1,280 ನೀರುಪಾಲು. ಚೊಗರಿಗೆ ಮಾವ ಹಣ ತೆಗೆದುಕೊಳ್ಳಲಿಲ್ಲ.

ಉಳಿದಿರುವುದು ಎರಡು. ತೆಳು ತಂತಿಯ ಕೀಲಿಯ ಹಲ್ಲು ಸವೆದಿದೆ, ಅರ್ಧ ಗಂಟೆಗೊಮ್ಮೆ ಶ್ರುತಿ ಇಳಿಯುತ್ತದೆ. ಭದ್ರಾವತಿಯಲ್ಲೇ ತಿರುಗಿಸಿ ನೋಡಿದ್ದರೆ ಇನ್ನೂ ಐನೂರು ಇಳಿಸಬಹುದಿತ್ತು. ಇನ್ನೊಂದು, ಈ ನೆಕ್ ಮಳೆಗಾಲದಲ್ಲಿ ಎಷ್ಟು ಕದಲುತ್ತದೆ ಎಂಬ ಲೆಕ್ಕ. ಇಂದಿನ 0.35ನ್ನು ಪಿಕ್‌ಗಾರ್ಡಿನ ಒಳಬದಿಯಲ್ಲಿ ಪೆನ್ಸಿಲಿನಿಂದ ದಿನಾಂಕ ಸಮೇತ ಬರೆದಿಟ್ಟಿದ್ದೇನೆ. ಅದರ ಕೆಳಗೆ ಜೂನ್, ಜುಲೈ, ಆಗಸ್ಟ್ ಎಂದು ಮೂರು ಸಾಲು ಖಾಲಿ ಬಿಟ್ಟಿದ್ದೇನೆ.